ಮಾಲೀಕರ ಹೊತ್ತಿಗೂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದಲ್ಲಿ ಸಣ್ಣ ಕಾರ್ಖಾನೆ ನಡೆಸುವ ಯಾರನ್ನೇ ಮಾತಾಡಿಸಿ, ‘ಪುರುಸೊತ್ತೇ ಇಲ್ಲ’ ಅನ್ನುತ್ತಾರೆ. ಸುಳ್ಳಲ್ಲ. ಬೆಳಿಗ್ಗೆ ಶಿಫ್ಟ್ ಶುರುವಾಗುವ ಮೊದಲೇ ಬಂದು ರಾತ್ರಿ ಬೀಗ ಹಾಕಿಸಿಕೊಂಡು ಹೋಗುವವರು ಇವರೇ. ಆದರೆ ಇಡೀ ದಿನ ಯಾವುದಕ್ಕೆ ಹೋಯಿತು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಸ್ಟೋರಿನಲ್ಲಿರುವ ಒಂದೊಂದು ಕಿಲೋ ಕಬ್ಬಿಣಕ್ಕೂ ರಿಜಿಸ್ಟರ್ ಇಡುತ್ತೇವೆ, ಮಾಲೀಕರ ಹೊತ್ತು ಮಾತ್ರ ಮೊದಲು ಫೋನ್ ಮಾಡಿದವರ ಪಾಲು.

ದೊಡ್ಡ ಕಂಪನಿಗಳಲ್ಲೂ ಇದೇ ಪಾಡು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕೆಲ್ ಪೋರ್ಟರ್ ಮತ್ತು ನಿತಿನ್ ನೊಹ್ರಿಯಾ 27 ಸಿಇಒಗಳ ದಿನಚರಿಯನ್ನು ತಲಾ 13 ವಾರ ಬರೆಸಿಟ್ಟು, 2018ರಲ್ಲಿ ಅದನ್ನು ಪ್ರಕಟಿಸಿದರು. ಕೆಲಸದ ಹೊತ್ತಿನಲ್ಲಿ ಶೇ 72ರಷ್ಟು ಮೀಟಿಂಗ್‌ಗೇ ಹೋಗಿತ್ತು. ಗ್ರಾಹಕರ ಜೊತೆ ಕಳೆದದ್ದು ಬರೀ ಶೇ 3! ಅವರಿಗಾದರೆ ಬರೆದಿಡಲು ಸಹಾಯಕರಿದ್ದರು. ನಮಗೆ ಒಂದು ನೋಟ್‌ಬುಕ್ ಸಾಕು. ಒಂದು ವಾರ, ಅರ್ಧ ಗಂಟೆಗೊಮ್ಮೆ ಏನು ಮಾಡಿದೆವು ಅಂತ ಒಂದು ಸಾಲು ಬರೆದರೆ ಆಯಿತು.

ನಮ್ಮ ಘಟಕದಲ್ಲಿ ಹಾಗೆ ಬರೆದಾಗ ಕಂಡದ್ದು ಇಷ್ಟು. ದೊಡ್ಡ ಕೊಟೇಶನ್ ಹಾಕಲು ಕೂತಿರುತ್ತೇನೆ, ಮೆಟೀರಿಯಲ್ ತೂಕ, ಜಾಬ್‌ವರ್ಕ್ ದರ, ಪ್ಲೇಟಿಂಗ್ ಖರ್ಚು ಎಲ್ಲಾ ತಲೆಯಲ್ಲಿ ಓಡುತ್ತಿರುತ್ತದೆ, ಅಷ್ಟರಲ್ಲಿ ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ‘ಸಾರ್, ಟೆಂಪೊದವನು ಇನ್ನೂರು ಜಾಸ್ತಿ ಕೇಳ್ತಿದ್ದಾನೆ, ಕೊಡ್ಲಾ?’ ಅನ್ನುತ್ತಾರೆ. ಅವರು ಹೋದ ಮೇಲೆ ಗೇಟ್ ಪಾಸ್‌ಗೆ ಸಹಿ, ಆಮೇಲೆ ಜನರೇಟರ್‌ಗೆ ಡೀಸೆಲ್. ಪ್ರತಿಯೊಂದೂ ಎರಡೇ ನಿಮಿಷದ ಮಾತು, ನಿಜ. ಆದರೆ ಬಿಟ್ಟಲ್ಲಿಂದ ಲೆಕ್ಕ ಹಿಡಿಯಲು ಮತ್ತೆ ಮೊದಲಿಂದ ಕೂರಬೇಕು ಅಲ್ವಾ? ಈಗ ಮೂರು ಸಾವಿರ ರೂಪಾಯಿ ತನಕದ ಖರ್ಚನ್ನು ಸೂಪರ್‌ವೈಸರೇ ತೀರ್ಮಾನ ಮಾಡುತ್ತಾರೆ, ಸಂಜೆ ಲೆಕ್ಕ ಕೊಡುತ್ತಾರೆ. ಅವರು ನನಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾರೆ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ತನಕ ನನ್ನ ಮೊಬೈಲ್ ಆಫೀಸ್ ಹುಡುಗನ ಹತ್ತಿರ ಇರುತ್ತದೆ. ಮಷಿನ್ ನಿಂತರೆ, ಯಾರಿಗಾದರೂ ಪೆಟ್ಟಾದರೆ ಮಾತ್ರ ಕರೆಯಬೇಕು.

ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿನ್ನುವುದು ಬೆಂಗಳೂರು. ಇರುವುದು ಎಪ್ಪತ್ತು ಕಿಲೋಮೀಟರ್. ಪೀಣ್ಯದಲ್ಲಿ ಹದಿನೈದು ನಿಮಿಷದ ಮಾತಿಗೆ ಹೋದರೂ ನೆಲಮಂಗಲ ದಾಟುವಷ್ಟರಲ್ಲಿ ಅರ್ಧ ದಿನ ಕೈಬಿಟ್ಟಿರುತ್ತದೆ. ಯಾರು ಕರೆದರೂ ‘ನಾಳೆ ಬರ್ತೀನಿ’ ಅನ್ನುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ, ಗ್ರಾಹಕರಿಗೆ ಬೇಜಾರಾದೀತು ಅನ್ನುವ ಭಯ. ಬೆಂಗಳೂರಿನ ಕೆಲಸಕ್ಕೆಲ್ಲ ವಾರದಲ್ಲಿ ಒಂದೇ ದಿನ ಇಡಿ, ಅದನ್ನು ಗ್ರಾಹಕರಿಗೂ ಮೊದಲೇ ಹೇಳಿಬಿಡಿ. ಡ್ರಾಯಿಂಗ್ ನೋಡುವಂಥದ್ದಕ್ಕೆ ವಿಡಿಯೊ ಕಾಲ್ ಸಾಕು. 2024ರ ನವೆಂಬರ್‌ನಿಂದ ಮಾದಾವರದ ತನಕ ಮೆಟ್ರೊ ಬಂದಿದೆ, ಅಲ್ಲಿ ಬಸ್ ಇಳಿದು ರೈಲು ಹತ್ತಿದರೆ ಪೀಣ್ಯ ಹತ್ತಿರವೇ. ಕಾರಿನ ಸ್ಟೀರಿಂಗ್ ಹಿಡಿದು ಫೋನಲ್ಲಿ ರೇಟ್ ಮಾತಾಡುವುದನ್ನು ದಯವಿಟ್ಟು ಬಿಡಿ, ಅದು ಪ್ರಾಣದ ಪ್ರಶ್ನೆ.

ತಾರೀಖಿನ ಕೆಲಸಗಳ ಗಾಬರಿಯಂತೂ ಸುಮ್ನೆ ತಂದುಕೊಳ್ಳುವಂಥದ್ದು. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಮಾರಾಟದ ವಿವರದ ಜಿಎಸ್‌ಟಿಆರ್-1ಕ್ಕೆ ಕೊನೆಯ ತಾರೀಖು 11, ತೆರಿಗೆ ಕಟ್ಟುವ 3ಬಿಗೆ 20, ಕಾರ್ಮಿಕರ ಪಿಎಫ್ ಮತ್ತು ಆರೋಗ್ಯ ವಿಮೆಯ ಇಎಸ್‌ಐಗೆ 15. ಪ್ರತಿ ತಿಂಗಳೂ ಇದೇ. ಆದರೂ 19ರ ರಾತ್ರಿ ಬಿಲ್ ಹುಡುಕುತ್ತೇವೆ. ಬಾಕಿ ವಸೂಲಿಯ ಫೋನೂ ಅಷ್ಟೇ, ಮಾಲೀಕರೇ ದಿನಾ ಮಾಡಬೇಕಿಲ್ಲ. ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ಅವಧಿ ಮುಗಿದ ಬಿಲ್‌ಗಳಿಗೆ ಅಕೌಂಟ್ಸ್‌ನವರು ವಾರಕ್ಕೊಮ್ಮೆ ಪತ್ರ ಕಳಿಸಲಿ.

ಹೀಗೆ ಉಳಿದ ಹೊತ್ತಲ್ಲಿ ಹೊಸ ಗ್ರಾಹಕರನ್ನು ನೋಡಬಹುದು, ಹುಡುಗರಿಗೆ ಕೆಲಸ ಕಲಿಸಬಹುದು, ಮಕ್ಕಳ ಜೊತೆ ಕೂತು ಊಟ ಮಾಡಬಹುದು. ನನಗೆ ಮೂರೂ ಮುಖ್ಯ.

ನಮ್ಮ ಕೈಗಾರಿಕಾ ಸಂಘಗಳಲ್ಲಿ ಒಂದು ಮನವಿ. ಸಾಲ, ಸಬ್ಸಿಡಿ, ಜಿಎಸ್‌ಟಿ ಬಗ್ಗೆ ಕಾರ್ಯಾಗಾರ ಮಾಡುತ್ತೀರಿ, ಒಳ್ಳೆಯದೇ. ಸಮಯದ ಬಗ್ಗೆಯೂ ಒಂದು ಮಾಡಿ. ಭಾಷಣ ಬೇಡ, ಬಂದವರೆಲ್ಲ ತಮ್ಮ ಒಂದು ವಾರದ ನೋಟ್‌ಬುಕ್ ತರಲಿ, ಅದನ್ನೇ ಮುಂದಿಟ್ಟುಕೊಂಡು ಮಾತಾಡೋಣ. ಇನ್ನು ಉದ್ಯಮಿಗಳ ಸಭೆ ಕರೆಯುವ ಇಲಾಖೆಗಳು ಹನ್ನೊಂದಕ್ಕೆ ಅಂತ ಹೇಳಿ ಒಂದು ಗಂಟೆಗೆ ಶುರು ಮಾಡುವುದನ್ನು ನಿಲ್ಲಿಸಬೇಕು. ನೋಟಿಸ್‌ನಲ್ಲಿ ಸಭೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದನ್ನೂ ಬರೆದು, ಆ ಹೊತ್ತಿಗೆ ಮುಗಿಸಬೇಕು.

– ಒಬ್ಬ ಸಣ್ಣ ಕಾರ್ಖಾನೆ ಮಾಲೀಕ, ಅಂತರಸನಹಳ್ಳಿ, ತುಮಕೂರು