ಪಂಪಿನ ಮೇಲೆ ಗೂಬೆ ಕೂರಿಸುವ ಮುನ್ನ ಎತ್ತರ ಅಳೆಯಿರಿ

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ಬಂದರೆ ನಿಮ್ಮ ವಾಚಕರ ಪತ್ರಗಳಲ್ಲಿ ನಲ್ಲಿ ನೀರಿನ ದೂರೇ ಜಾಸ್ತಿ. ಭದ್ರಾ ನಾಲೆಗೆ ನೀರು ಬಿಟ್ಟಿಲ್ಲ, ಕುಂದುವಾಡ ಕೆರೆ ಇಳಿದಿದೆ, ನಮ್ಮ ಬಡಾವಣೆಗೆ ಸರಿಯಾಗಿ ನೀರು ಕೊಡುತ್ತಿಲ್ಲ ಎಂದು ಜನ ಬರೆಯುತ್ತಾರೆ. ಬರೆಯಬೇಕಾದ್ದೇ. ಆದರೆ ಸಂಪಿಗೆ ಬಂದು ಬಿದ್ದ ನೀರನ್ನು ಮೇಲಿನ ಟ್ಯಾಂಕಿಗೆ ಹತ್ತಿಸಲಾಗದೆ ಒದ್ದಾಡುವವರ ಪತ್ರ ಮಾತ್ರ ನಾನು ನೋಡಿಲ್ಲ. ಅವರು ಪತ್ರಿಕೆಗೆ ಬರೆಯುವುದಿಲ್ಲ. ಸೀದಾ ನಮ್ಮ ಅಂಗಡಿಗೆ ಬರುತ್ತಾರೆ.

ನಮ್ಮದು ದಾವಣಗೆರೆಯಲ್ಲಿ ಒಂದು ಸಣ್ಣ ಮೋಟಾರ್ ವೈಂಡಿಂಗ್ ಅಂಗಡಿ. ಅಪ್ಪ ಶುರು ಮಾಡಿದ್ದು. ಈಗ ತಮ್ಮ ಮನೆಮನೆಗೆ ಹೋಗಿ ಪಂಪ್ ಬಿಚ್ಚಿ ತರುತ್ತಾನೆ. ಮೋಟಾರಿನೊಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಸುತ್ತುವುದು ನಾನು. ಹೊಸಬರು ಬಂದರೆ ಮೊದಲು ಅಂಗಡಿಯೊಳಗೆ ಇಣುಕಿ "ಮೇಸ್ತ್ರಿ ಇಲ್ವಾ?" ಅಂತ ಕೇಳುತ್ತಾರೆ. ಇಲ್ಲೇ ಕೂತಿದ್ದೀನಿ ಹೇಳಿ ಅನ್ನುತ್ತೇನೆ. ಆಮೇಲೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು. "ಮೋಟ್ರು ಸುಟ್ಟೈತಕ್ಕ. ಇದ್ಯಾಕೋ ಸಾಲದು, ಮುಂದಿನ ಸಲ ದೊಡ್ಡ ಎಚ್‌ಪಿದು ಹಾಕ್ತೀನಿ."

ನಾನು ಈ ಪತ್ರ ಬರೆಯುತ್ತಿರುವುದೇ ಈ ದೊಡ್ಡ ಎಚ್‌ಪಿ ಹುಚ್ಚಿನ ಬಗ್ಗೆ. ಇದರಲ್ಲಿ ಕೊಳ್ಳುವವರಿಗಿಂತ ಮಾರುವವರ ತಪ್ಪು ಜಾಸ್ತಿ ಅಂತ ನನ್ನ ಅಭಿಪ್ರಾಯ.

ಪಂಪ್ ಅಂಗಡಿಗೆ ಹೋಗಿ "ಒಂದು ಎಚ್‌ಪಿ ಕೊಡಿ" ಅಂದರೆ ಕೊಟ್ಟುಬಿಡುತ್ತಾರೆ. ಸಂಪು ಎಷ್ಟು ಆಳ, ಟ್ಯಾಂಕ್ ಎಷ್ಟು ಎತ್ತರ, ಪೈಪ್ ಎಷ್ಟು ಇಂಚು ಅಂತ ಕೇಳುವವರು ಕಡಿಮೆ. ಎಚ್‌ಪಿ (ಅಶ್ವಶಕ್ತಿ) ಅಂದರೆ ಮೋಟಾರಿನ ಕಸುವು ಅಷ್ಟೇ, ಒಂದಕ್ಕೆ 746 ವ್ಯಾಟ್. ನೀರು ಎಲ್ಲಿಯವರೆಗೆ ಏರುತ್ತದೆ ಅನ್ನುವುದನ್ನು ಹೇಳುವುದು ಹೆಡ್. ಗಂಟೆಗೆ ಎಷ್ಟು ಲೀಟರ್ ಬರುತ್ತದೆ ಅನ್ನುವುದು ಡಿಸ್ಚಾರ್ಜ್. ಇವೆರಡೂ ಪಂಪಿನ ಪ್ಲೇಟಿನ ಮೇಲೆ ಕೆತ್ತಿರುತ್ತವೆ. ಓದುವವರಿಲ್ಲ.

ಒಂದು ಮಾಮೂಲಿ ಮನೆ ತೆಗೆದುಕೊಳ್ಳಿ. ಕೆಳಗೊಂದು ಮನೆ, ಮೇಲೊಂದು ಮನೆ, ತಾರಸಿಯ ಮೆಟ್ಟಿಲು ಕೋಣೆಯ ಮೇಲೆ ಟ್ಯಾಂಕ್. ಸಂಪಿನ ತಳ 8 ಅಡಿ ಕೆಳಗೆ, ಟ್ಯಾಂಕಿನ ಬಾಯಿ 32 ಅಡಿ ಮೇಲೆ. ಒಟ್ಟು 40 ಅಡಿ, ಅಂದರೆ ಸುಮಾರು 12 ಮೀಟರ್. ಪೈಪಿನ ಉಜ್ಜಾಟ, ಎಲ್ಬೋಗಳ ಅಡ್ಡಿ ಸೇರಿಸಿದರೆ 15 ಮೀಟರ್ ಅನ್ನಿ. ಸಾವಿರ ಲೀಟರ್ ನೀರನ್ನು 15 ಮೀಟರ್ ಏರಿಸಲು ಲೆಕ್ಕದ ಪ್ರಕಾರ ಬೇಕಾಗುವ ಕರೆಂಟು 0.04 ಯೂನಿಟ್. ಮನೆಯ ಸಣ್ಣ ಪಂಪುಗಳಲ್ಲಿ ಮುಕ್ಕಾಲು ಪಾಲು ಬಿಸಿಯಾಗಿ ದಂಡವಾಗುತ್ತದೆ ಅಂದುಕೊಂಡರೂ 0.16 ಯೂನಿಟ್. ಸಾವಿರ ಲೀಟರಿನ ಟ್ಯಾಂಕು ಮುಕ್ಕಾಲು ಗಂಟೆಯಲ್ಲಿ ತುಂಬಿದರೆ ಸಾಕು ಅನ್ನುವ ಮನೆಗೆ ಅರ್ಧ ಎಚ್‌ಪಿ ಧಾರಾಳ. ಅಂಥ ಮನೆಗಳಿಂದ ಒಂದೂವರೆ ಎಚ್‌ಪಿ ಪಂಪುಗಳು ನಮ್ಮಲ್ಲಿಗೆ ರಿಪೇರಿಗೆ ಬರುತ್ತವೆ.

ದೊಡ್ಡದಿದ್ದರೆ ತಪ್ಪೇನು, ಬೇಗ ತುಂಬುತ್ತದಲ್ವಾ ಅಂತ ಕೇಳುತ್ತಾರೆ. ತಪ್ಪಿದೆ. ಸೆಂಟ್ರಿಫ್ಯೂಗಲ್ ಪಂಪನ್ನು, ಅಂದರೆ ಚಕ್ರ ತಿರುಗಿಸಿ ನೀರನ್ನು ಹೊರಕ್ಕೆ ಎಸೆಯುವ ಪಂಪನ್ನು, ಅದರ ಹೆಡ್‌ಗಿಂತ ತೀರಾ ಕಡಿಮೆ ಎತ್ತರಕ್ಕೆ ಹಾಕಿದರೆ ಅದು ಅಳತೆ ಮೀರಿ ನೀರು ತಳ್ಳುತ್ತದೆ, ಅದಕ್ಕೆ ತಕ್ಕಂತೆ ಕರೆಂಟೂ ಜಾಸ್ತಿ ಎಳೆಯುತ್ತದೆ, ಕಾಯಿಲ್ ಬಿಸಿಯಾಗುತ್ತದೆ. ಮನೆಗಳಲ್ಲಿ ಹಾಕುವ, ಪೈಪಿನ ಗಾಳಿಯನ್ನು ತಾನೇ ತೆಗೆದುಕೊಳ್ಳುವ ಪುಟ್ಟ ಸೆಲ್ಫ್ ಪ್ರೈಮಿಂಗ್ ಪಂಪಿನದು ಇದಕ್ಕೆ ಉಲ್ಟಾ. ಅದಕ್ಕೆ ಎತ್ತರ ಹೆಚ್ಚಾದಷ್ಟೂ ಲೋಡು ಹೆಚ್ಚು. ಮೇಲಿನ ವಾಲ್ವ್ ಮುಚ್ಚಿಕೊಂಡು ಓಡಿಸಿದರೆ ಕಥೆ ಮುಗಿಯಿತು. ನೋಡಲು ಎರಡೂ ಅಕ್ಕಪಕ್ಕದ ಡಬ್ಬಗಳಲ್ಲೇ ಇರುತ್ತವೆ, ಬೆಲೆಯೂ ಆಸುಪಾಸು. ಯಾವುದು ಯಾವುದಕ್ಕೆ ಅಂತ ಹೇಳಬೇಕಾದವರು ಅಂಗಡಿಯವರು.

ಇನ್ನೊಂದು ಹಟ ಬಾವಿಯವರದು. ನೀರು 40 ಅಡಿ ಕೆಳಗಿರುತ್ತದೆ, ಪಂಪು ಮಾತ್ರ ಮೇಲಿನ ಶೆಡ್ಡಿನಲ್ಲೇ ಇರಬೇಕು ಅನ್ನುತ್ತಾರೆ. ಪಂಪು ನೀರನ್ನು ಎಳೆಯುವುದಿಲ್ಲ. ಅದು ಪೈಪಿನೊಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲೇ ಆ ಒತ್ತಡ ತಳ್ಳುವುದು 10.3 ಮೀಟರ್. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಇನ್ನೂ ಕಡಿಮೆ. ನಿಜವಾದ ಬಳಕೆಯಲ್ಲಿ 6 ಮೀಟರ್, ಅಂದರೆ 20 ಅಡಿಗೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಆಳದ ಬಾವಿಗೆ ಹತ್ತು ಎಚ್‌ಪಿ ತಂದಿಟ್ಟರೂ ಪ್ರಯೋಜನವಿಲ್ಲ. ಓಪನ್‌ವೆಲ್ ಸಬ್‌ಮರ್ಸಿಬಲ್, ಅಂದರೆ ನೀರಿನೊಳಗೇ ಮುಳುಗಿ ಓಡುವ ಪಂಪು, ಕೆಳಗೆ ಇಳಿಸುವುದೇ ಸರಿ.

ಚಿತ್ರದುರ್ಗದ ಕಡೆ ನಮ್ಮ ಬಂಧುಗಳಿದ್ದಾರೆ. ಅಲ್ಲಿಯ ಬೋರ್‌ವೆಲ್ ಸಂಕಟ ಬೇರೆಯದೇ. ಬಂಡೆಯ ಸಂದಿನಲ್ಲಿ ಸಿಗುವ ನೀರು, ಸಿಕ್ಕಷ್ಟೇ. ಬೋರು ಗಂಟೆಗೆ ಕೊಡುವುದಕ್ಕಿಂತ ಜಾಸ್ತಿ ಎತ್ತುವ ಪಂಪ್ ಇಳಿಸಿದರೆ ಅರ್ಧ ಗಂಟೆಗೆ ನೀರು ಕೆಳಗೆ ಹೋಗಿ ಪಂಪು ಖಾಲಿ ಓಡುತ್ತದೆ. ಸಬ್‌ಮರ್ಸಿಬಲ್ ಮೋಟಾರನ್ನು ತಂಪಾಗಿಡುವುದು ಸುತ್ತಲಿನ ನೀರೇ. ನೀರಿಲ್ಲದೆ ಓಡಿದರೆ ಉಳಿಯುತ್ತದಾ? ಬೋರ್ ಕೊರೆದ ದಿನವೇ ನೀರಿನ ಅಳತೆ ಬರೆದಿಟ್ಟುಕೊಂಡು, ಅದಕ್ಕಿಂತ ಒಂದು ಹಿಡಿ ಕಡಿಮೆ ಎತ್ತುವ ಪಂಪ್ ಹಾಕಿ. ಜೊತೆಗೆ ಡ್ರೈ ರನ್ ತಡೆಯುವ ಪ್ಯಾನೆಲ್. ಒಂದು ಸಲ ಪಂಪ್ ಮೇಲೆತ್ತಿಸುವ ಕೂಲಿ ಕೊಟ್ಟವರಿಗೆ ಆ ಪ್ಯಾನೆಲಿನ ಬೆಲೆ ದುಬಾರಿ ಅನ್ನಿಸುವುದಿಲ್ಲ.

ಇನ್ನು ಸುಟ್ಟು ಬಂದ ಮೋಟಾರಿನ ವಿಷಯ. ಕಾಯಿಲ್ ಕತ್ತರಿಸುವ ಮೊದಲು ನಾನು ಸ್ವಲ್ಪ ಹೊತ್ತು ಅದನ್ನು ತಿರುಗಿಸಿ ನೋಡುತ್ತೇನೆ. ಎಲ್ಲ ಕಾಯಿಲೂ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್ ಆಗಿದೆ, ಇಲ್ಲವೇ ವೋಲ್ಟೇಜ್ ಕೈಕೊಟ್ಟಿದೆ. ಸ್ಟಾರ್ಟಿಂಗ್ ಕಾಯಿಲ್ ಮಾತ್ರ ಸುಟ್ಟು ರನ್ನಿಂಗ್ ಕಾಯಿಲ್ ಚೆನ್ನಾಗಿದ್ದರೆ ಮೊದಲು ಕಂಡೆನ್ಸರ್, ಅಂದರೆ ಮೋಟಾರು ತಿರುಗಲು ಶುರು ಮಾಡಿಸುವ ಪುಟ್ಟ ಡಬ್ಬಿ, ನೋಡಬೇಕು. ಒಂದೇ ಕಡೆ ಚುಕ್ಕೆಯ ಹಾಗೆ ಸುಟ್ಟಿದ್ದರೆ ಸೀಲ್ ಹೋಗಿ ನೀರು ಒಳಗೆ ಇಳಿದಿರಬಹುದು. ಚನ್ನಗಿರಿ ಕಡೆಯ ಅಡಿಕೆ ತೋಟಗಳಿಂದ ಬರುವ ತ್ರೀ ಫೇಸ್ ಮೋಟಾರುಗಳಲ್ಲಿ, ಅದರಲ್ಲೂ ಮೂರೂ ಕಾಯಿಲಿನ ಒಂದೊಂದು ತುದಿಯನ್ನು ಒಟ್ಟಿಗೆ ಕಟ್ಟಿದ ಸ್ಟಾರ್ ಕನೆಕ್ಷನ್‌ನವುಗಳಲ್ಲಿ, ಮೂರರಲ್ಲಿ ಎರಡು ಫೇಸಿನ ಕಾಯಿಲ್ ಇದ್ದಿಲಾಗಿ ಮೂರನೆಯದು ಹೊಸದರಂತೆ ಹೊಳೆಯುತ್ತಿರುತ್ತದೆ. ಒಂದು ಫೇಸ್ ಹೋಗಿ, ಉಳಿದೆರಡರಲ್ಲೇ ಮೋಟಾರು ಏದುಸಿರು ಬಿಟ್ಟಿದೆ ಅಂತ ಅರ್ಥ. ಇದರಲ್ಲಿ ಹೆಚ್ಚಿನವು ಪಂಪಿನ ತಪ್ಪಲ್ಲ. ಕಾರಣ ಸರಿಪಡಿಸದೆ ನಾನು ಎಷ್ಟು ಚೆಂದ ಕಾಯಿಲ್ ಸುತ್ತಿಕೊಟ್ಟರೂ ಅದು ಮತ್ತೆ ನನ್ನ ಮೇಜಿಗೇ ಬರುತ್ತದೆ. ನನಗೆ ವ್ಯಾಪಾರ ಆಗುತ್ತದೆ ನಿಜ. ಬೈಗುಳವೂ ನನಗೇ.

ವೋಲ್ಟೇಜ್ ಬಗ್ಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. 230 ಇರಬೇಕಾದ್ದು 180ಕ್ಕೆ ಇಳಿದರೆ ಕಾಲು ಭಾಗವೂ ಇಳಿಯಲಿಲ್ಲವಲ್ಲ ಅನ್ನಿಸುತ್ತದೆ. ಆದರೆ ಮೋಟಾರು ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಕುಸಿಯುತ್ತದೆ. ಉಳಿಯುವುದು ಹದಿನಾರಾಣೆಯ ರೂಪಾಯಿಗೆ ಹತ್ತಾಣೆ. ಸಂಜೆ ಹೊತ್ತು ಬೀದಿಯವರೆಲ್ಲ ಒಟ್ಟಿಗೆ ಮೋಟಾರ್ ಹಾಕುವಾಗ ನಿಮ್ಮದು ಗುಂಯ್ ಅಂತ ನಿಂತರೆ ಸ್ವಿಚ್ ಆರಿಸಿ. ಬೆಳಗಿನ ಜಾವ ಹಾಕಿ ನೋಡಿ.

ಯಾವ ಹೊತ್ತಿನಲ್ಲಿ ಹಾಕಿದರೂ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಅಂದರೆ ಎರಡೇ ಅನುಮಾನ. ಒಂದು, ಕಂಡೆನ್ಸರ್ ಹೋಗಿದೆ. ಹಳೆಯದರ ಮೈಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್‌ನದು ತಂದು ಹಾಕಿಸಿದರೆ ಆಯಿತು. ಮೋಟಾರಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಆದರೆ ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಕರೆಂಟು ನಿಂತಿರಬಹುದು, ಗೊತ್ತಿಲ್ಲದವರು ಕೈ ಹಾಕಬೇಡಿ. ಎರಡು, ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಹಿಡಿದುಕೊಂಡಿದೆ. ರಜೆಗೆ ಊರಿಗೆ ಹೋಗಿ ಬಂದ ಮನೆಗಳಲ್ಲಿ ಇದು ಸಾಮಾನ್ಯ. ಸೆಲ್ಫ್ ಪ್ರೈಮಿಂಗ್ ಪಂಪಿನ ಹಿತ್ತಾಳೆ ಇಂಪೆಲ್ಲರಿಗೂ ಗೋಡೆಗೂ ನಡುವೆ ಜಾಗ ಬಹಳ ಕಡಿಮೆ. ನಮ್ಮ ಗಡಸು ನೀರಿನ ಬಿಳಿ ಪೊರೆ ಅಲ್ಲಿ ಕಚ್ಚಿಕೊಳ್ಳುತ್ತದೆ. ಪ್ಲಗ್ ಕಿತ್ತು, ಹಿಂದಿನ ಫ್ಯಾನ್ ಕಡೆಯ ಶಾಫ್ಟನ್ನು ಸ್ಕ್ರೂ ಡ್ರೈವರ್ ಹಾಕಿ ನಾಲ್ಕು ಸುತ್ತು ತಿರುಗಿಸಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಇದನ್ನು ತಮ್ಮ ಫೋನಿನಲ್ಲೇ ಹೇಳಿಕೊಡುತ್ತಾನೆ. ಅದಕ್ಕೆ ದುಡ್ಡಿಲ್ಲ.

ಮೋಟಾರು ಚೆನ್ನಾಗಿ ಓಡುತ್ತದೆ, ನೀರು ಬರುವುದಿಲ್ಲ ಅಂದರೆ ಗಾಳಿ ಹಿಡಿದಿದೆ. ಮೇಲಿನ ಬಿರಡೆ ತೆಗೆದು ನೀರು ತುಂಬಿಸಿ. ತುಂಬಿಸಿದ ನೀರು ಸರಸರ ಇಳಿದು ಹೋದರೆ, ನೀರು ವಾಪಸ್ ಇಳಿಯದಂತೆ ಪೈಪಿನ ತಳದಲ್ಲಿ ತಡೆಯುವ ಫುಟ್ ವಾಲ್ವಿನಲ್ಲಿ ಕಸ ಸಿಕ್ಕಿಕೊಂಡಿದೆ. ನೀರು ನಿಂತರೂ ಪಂಪು ಎತ್ತದಿದ್ದರೆ ಸಂಪಿನಿಂದ ಪಂಪಿಗೆ ಬರುವ ಸಕ್ಷನ್ ಪೈಪಿನ ಯಾವುದೋ ಜಾಯಿಂಟು ಗಾಳಿ ಕುಡಿಯುತ್ತಿದೆ. ಈ ಲೀಕು ಕಣ್ಣಿಗೆ ಕಾಣುವುದಿಲ್ಲ. ಅಲ್ಲಿಂದ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪ್ಲಂಬರ್‌ಗಳು ದುಡ್ಡು ಉಳಿಸಲು ಒಂದಿಂಚಿನ ಬದಲು ಮುಕ್ಕಾಲು ಇಂಚಿನ ಪೈಪ್ ಏರಿಸುವುದೂ ಉಂಟು. ಅಷ್ಟೇ ನೀರು ಹರಿಯಬೇಕಾದರೆ ಸಣ್ಣ ಪೈಪಿನಲ್ಲಿ ಅಡ್ಡಿ ನಾಲ್ಕು ಪಟ್ಟು. ಆಮೇಲೆ ಪಂಪಿಗೆ ಶಕ್ತಿ ಸಾಲದು ಅನ್ನುತ್ತಾರೆ.

ನಮ್ಮ ಭಾವನವರ ಗ್ಯಾರೇಜು ಹರಿಹರದ ರಸ್ತೆಯಲ್ಲಿದೆ. ಅಲ್ಲಿಯೂ ಇದೇ ಗೋಳು. ಬೆಂಗಳೂರಿಂದ ಹೈವೇಯಲ್ಲಿ ಬಂದ ಗಾಡಿ ಬಿಸಿಯಾದರೆ "ವಾಟರ್ ಪಂಪ್ ಹೋಗಿದೆ, ಬದಲಾಯಿಸಿ" ಅಂತ ಡ್ರೈವರೇ ತೀರ್ಪು ಕೊಟ್ಟುಬಿಡುತ್ತಾರೆ. ಗಾಡಿಯ ಪಂಪ್ ನೀರನ್ನು ಎತ್ತರಕ್ಕೆ ಏರಿಸುವುದಲ್ಲ, ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಸುತ್ತಿಸುವುದು. ಅದು ಹೋಗಿದ್ದರೆ ಗುರುತುಗಳಿವೆ. ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಸವೆದರೆ ಅಲ್ಲಿಂದ ಕೂಲೆಂಟ್ ತೊಟ್ಟಿಕ್ಕುತ್ತದೆ. ಬೇರಿಂಗ್ ಹೋದರೆ ಕಿರ್ರ್ ಅನ್ನುತ್ತದೆ, ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಆಡುತ್ತದೆ. ಇವು ಯಾವುವೂ ಇಲ್ಲದಿದ್ದರೆ ಮೊದಲು ಬೆಲ್ಟ್, ಹೋಸ್, ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳ ನೋಡಬೇಕು ಅನ್ನುತ್ತಾರೆ ಭಾವ. ಆ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟರೆ ಮಾತ್ರ ಕೂಲೆಂಟ್ ಬೇಗ ಕುದಿಯುವುದಿಲ್ಲ. ಅದರ ರಬ್ಬರ್ ಸತ್ತರೆ ಹೊಸ ಪಂಪ್ ಹಾಕಿಯೂ ಗಾಡಿ ಕುದಿಯುತ್ತದೆ. ಬಿಸಿ ಇರುವಾಗ ಅದನ್ನು ತೆಗೆಯಬೇಡಿ ಅಂತ ಬೇರೆ ಹೇಳಬೇಕಾ? ಹೇಳಬೇಕು, ಕೈ ಮುಖ ಸುಟ್ಟುಕೊಂಡವರಿದ್ದಾರೆ. ಇನ್ನು ದಾರಿಯಲ್ಲಿ ಸಿಕ್ಕ ಬೋರಿನ ನೀರನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಸುರಿಯುವವರಿಗೆ ನಮ್ಮ ಅಂಗಡಿಗೆ ಬರುವ ಇಂಪೆಲ್ಲರುಗಳನ್ನು ತೋರಿಸಬೇಕು. ಅದೇ ಬಿಳಿ ಪೊರೆ. ಕೆಲವು ಕಾರುಗಳಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್. ಅಂಥವುಗಳಲ್ಲಿ ಬೆಲ್ಟ್ ಬದಲಿಸುವಾಗಲೇ ಪಂಪ್ ಬದಲಿಸಿದರೆ ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ.

ಒಂದು ಕೆಲಸ ಮಾತ್ರ ನಮ್ಮ ಅಂಗಡಿಯಲ್ಲಿ ಮಾಡಿಕೊಡುವುದಿಲ್ಲ. ಪಾಲಿಕೆಯ ನಲ್ಲಿಗೆ ನೇರವಾಗಿ ಮೋಟಾರ್ ಜೋಡಿಸುವುದು. ನಿಯಮಕ್ಕೆ ವಿರುದ್ಧ ಅನ್ನುವುದು ಒಂದು ಮಾತು. ಮೋಟಾರು ಎಳೆದಾಗ ಬೀದಿಯ ಪೈಪಿನಲ್ಲಿ ಒತ್ತಡ ಸತ್ತು, ಎಲ್ಲಿ ಬಿರುಕಿದೆಯೋ ಅಲ್ಲಿಂದ ಚರಂಡಿ ನೀರು ಒಳಗೆ ಬರುತ್ತದೆ. ಅದನ್ನು ಕುಡಿಯುವುದು ಕೊನೆಯ ಮನೆಯ ಮಕ್ಕಳು. "ಪಕ್ಕದ ಮನೆಯವರು ಹಾಕಿಲ್ವಾ?" ಅಂತ ಜಗಳಕ್ಕೆ ಬರುತ್ತಾರೆ. ಪಾಲಿಕೆಯವರು ನೀರು ಬಿಡುವ ಹೊತ್ತಿನಲ್ಲಿ ಬೀದಿಗೆ ಬಂದು ಕಿವಿಗೊಟ್ಟರೆ ಸಾಕು, ಯಾವ ಮನೆ ಅಂತ ಗೊತ್ತಾಗುತ್ತದೆ.

ಮಾರುವವರ ಮುಂದೆ ಎರಡು ಬೇಡಿಕೆ ಇಡುತ್ತೇನೆ. ಬಿಲ್ಲಿನಲ್ಲಿ ಎಚ್‌ಪಿ ಜೊತೆ ಎಷ್ಟು ಮೀಟರ್ ಹೆಡ್ಡಿಗೆ ಗಂಟೆಗೆ ಎಷ್ಟು ಲೀಟರ್ ಅಂತ ಬರೆದುಕೊಡಿ. ಕಾಯಿಲ್ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ಅನ್ನುವುದನ್ನೂ ಬರೆಯಿರಿ. ತಾಮ್ರ ಅಂತ ನಂಬಿ ತಂದವರ ಮೋಟಾರನ್ನು ಅವರ ಎದುರಿಗೇ ಬಿಚ್ಚಿ, ಕೆಂಪು ಎನಾಮಲನ್ನು ಬ್ಲೇಡಿನಿಂದ ಕೆರೆದು, ಒಳಗಿನ ಬಿಳಿ ತಂತಿ ತೋರಿಸುವ ಕೆಲಸ ನನಗೆ ಸಾಕಾಗಿದೆ. ಅಲ್ಯೂಮಿನಿಯಂ ಮಾರಬೇಡಿ ಅಂತ ನಾನು ಹೇಳುತ್ತಿಲ್ಲ. ಅಗ್ಗದ್ದು ಬೇಕಾದವರು ತಿಳಿದು ಕೊಳ್ಳಲಿ. ಇನ್ನೊಂದು, ಡಬ್ಬದೊಳಗಿನ ಚೀಟಿ ಕನ್ನಡದಲ್ಲಿರಲಿ. ಕೊಯಮತ್ತೂರಿನಿಂದ ಬರುವ ಪಂಪು ನಮ್ಮೂರಿನಲ್ಲಿ ಮಾರಾಟವಾಗುತ್ತದೆ ಅಂದಮೇಲೆ ಅದರ ಹೆಡ್ ಪಟ್ಟಿಯನ್ನು ನಮ್ಮೂರಿನವರು ಓದುವಂತಿರಬೇಕಲ್ವಾ?

ಕೊಳ್ಳುವವರೂ ಅಂಗಡಿಗೆ ಹೋಗುವ ಮುನ್ನ ತಾರಸಿಯಿಂದ ಒಂದು ಹಗ್ಗ ಇಳಿಬಿಟ್ಟು ಎತ್ತರ ಅಳೆದು, ಸಂಪಿನ ಆಳ, ಪೈಪಿನ ಇಂಚು ಸೇರಿಸಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಂಪಿಗೆ ಅರ್ಥ್ ವೈರ್ ಇದೆಯಾ ಅಂತ ನೋಡಿಸಿ. ಕರೆಂಟು ಸೋರಿದರೆ ತಾನೇ ಕಟ್ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಸೀಲಿನಿಂದ ನೀರು ಸೋರುತ್ತಿರುವ ಪಂಪನ್ನು ಒದ್ದೆ ಕೈಯಲ್ಲಿ ಮುಟ್ಟುವ ಮನೆ ಎಷ್ಟಿವೆ ಅಂತ ತಮ್ಮನನ್ನು ಕೇಳಬೇಕು.

ಪಂಪ್ ಅಂಗಡಿಯವರಿಗೆ ನನ್ನ ಮಾತು ತಪ್ಪು ಅನ್ನಿಸಿದರೆ ಇದೇ ಪತ್ರಿಕೆಗೆ ಉತ್ತರ ಬರೆಯಲಿ.

ಇತಿ,
ವೈಂಡಿಂಗ್ ಅಂಗಡಿಯಾಕೆ
ದಾವಣಗೆರೆ