ಅಕ್ಕ, ಅವತ್ತು ನೀನು "ಇವತ್ತೇ ತುಂಬ್ಸಿ" ಅನ್ನದೆ ಇದ್ದಿದ್ರೆ

ಸೋಮವಾರ ನಮ್ಮ ಸ್ತ್ರೀಶಕ್ತಿ ಸಂಘದ ಸಾಲ ಪೂರ್ತಿ ಚುಕ್ತಾ ಆಯ್ತು. ಪಾಸ್‌ಬುಕ್ಕಿಗೆ ಸೀಲ್ ಬಿದ್ಮೇಲೆ 11 ಜನಾನೂ ಹಿರಿಯೂರು ಬಸ್‌ಸ್ಟ್ಯಾಂಡಲ್ಲೇ ನಿಂತು ಅತ್ಬಿಟ್ವಿ. ಎದುರಿಗೆ ಹೇಳಕ್ಕೆ ಹೋದ್ರೆ ಗಂಟಲು ಕಟ್ಟುತ್ತೆ, ಅದಕ್ಕೆ ಎಲ್ರ ಮುಂದೆ ಇಲ್ಲೇ ಬರೀತಿದೀನಿ ಅಕ್ಕ.

2022ರ ಆಗಸ್ಟ್ ಕೊನೆ. ಮಾರಿಕಣಿವೆ ಡ್ಯಾಮು 1933ರ ಮೇಲೆ ಈಗ ಮತ್ತೆ ಕೋಡಿ ಬೀಳ್ತೈತೆ ಅಂತ ಊರೆಲ್ಲ ಹಬ್ಬ, ನಮಗೆ ಮಾತ್ರ ಎದೆ ಡವಡವ, ಯಾಕಂದ್ರೆ ಗುತ್ತಿಗೆಗೆ ಮಾಡಿದ್ದ 2 ಎಕ್ರೆ ಈರುಳ್ಳಿ ಕಿತ್ತು ಹೊಲದಲ್ಲೇ ಗುಡ್ಡೆ ಹಾಕಿದ್ವಿ, ರೇಟು ಬಿದ್ದೋಗಿತ್ತು. ಒಂದು ವಾರ ತಡೆಯೋಣ ಅಂತ ಅರ್ಧ ಜನ, ಅದ್ರಲ್ಲಿ ನಂದೇ ಜೋರು ಗಂಟಲು. ಮಳೆಗಾಲದ ಈರುಳ್ಳೀಲಿ ನೀರು ಜಾಸ್ತಿ, ತಿಂಗಳುಗಟ್ಲೆ ಇಡಕ್ಕಾಗಲ್ಲ, ನೆಂದ್ರೆ ಕತ್ತಿನ ಹತ್ರ ಮೆತ್ತಗಾಗಿ ಒಳಗೊಳಗೇ ಕೊಳೀತೈತೆ. ನನಗೂ ಗೊತ್ತಿತ್ತು. ಗೊತ್ತಿದ್ರೂ ರೇಟಿನ ಆಸೆ.

ನೀನು ಏನ್ಮಾಡೋಣ ಅಂತ ಒಬ್ಬೊಬ್ರನ್ನೂ ಕೇಳಿದೆ, ಮೂಲೇಲಿ ಸುಮ್ನೆ ಕೂತಿದ್ದ ಹನುಮಕ್ಕಜ್ಜೀನೂ ಬಿಡ್ಲಿಲ್ಲ. ಆಮೇಲೆ ಗುಡ್ಡೆಯಿಂದ ನಾಲ್ಕು ಗಡ್ಡೆ ತಂದು ಕುಯ್ದು ಮುಂದಿಟ್ಟೆ, ಎರಡು ಆಗ್ಲೇ ಮೆತ್ತಗಾಗಿದ್ವು. "ಇವತ್ತೇ ತುಂಬ್ಸಿ, ರಾತ್ರಿ ಲಾರಿ ಹೋಗ್ಲಿ. ಲಾಸಾದ್ರೆ ಮೊದ್ಲು ನನ್ ಪಾಲಲ್ಲಿ ಹಿಡ್ಕಳಿ" ಅಂದೆ. ಅಷ್ಟೇ. ಆ ಕೊನೇ ಮಾತಿಗೇ ನಮ್ಮ ಕೈಕಾಲು ಆಡಿದ್ದು. ನಷ್ಟ ನನ್ ತಲೆ ಮೇಲೆ ಅಂತ ಹೇಳೋರು ಇದ್ರೆ ಒಪ್ಪದೆ ಇರೋರೂ ಈರುಳ್ಳಿ ಪಾಕೆಟ್ಟು (ಚೀಲ) ಹೊಲೀತಾರೆ ಅಕ್ಕ, ನಾನೇ ಹೊಲಿದೆ, ಗೊಣಗ್ತಾ.

170 ಪಾಕೆಟ್ ಯಶವಂತಪುರಕ್ಕೆ ಹೋಯ್ತು. ರೇಟು ಚೆನ್ನಾಗೇನೂ ಸಿಗ್ಲಿಲ್ಲ, ಆದ್ರೆ ಗುತ್ತಿಗೆ ದುಡ್ಡು, ಬೀಜ ಗೊಬ್ಬರದ ದುಡ್ಡು ವಾಪಸ್ ಬಂತು. ಮಾರನೇ ದಿನದಿಂದ ಸುರಿದ ಮಳೇಲಿ ಪಕ್ಕದ ಹೊಲದ ಗುಡ್ಡೆಗಳು ನಾರಿದ್ದು ಇವತ್ತಿಗೂ ಮೂಗಲ್ಲೈತೆ.

ಅದೇ ನೀನು ಬೋರ್ ಕೊರ್ಸೋ ವಿಷಯಕ್ಕೆ ಎರಡು ತಿಂಗ್ಳು ಬಾಯೇ ಬಿಡ್ಲಿಲ್ಲ, ಅಕ್ಕಪಕ್ಕದ ಬೋರು ಎಷ್ಟು ಅಡಿ, ಯಾವ್ದು ಬತ್ತೈತೆ ಅಂತ ತಿರುಗಿ ತಿರುಗಿ ನೋಡಿ ಕೊನೆಗೆ ಬ್ಯಾಡ ಅಂದೆ. ಯಾವ್ದಕ್ಕೆ ಅವಸರ ಐತೆ ಯಾವ್ದಕ್ಕಿಲ್ಲ ಅಂತ ನಿನಗೆ ಗೊತ್ತಾಗುತ್ತಲ್ಲ, ಅದು ನಮಗೆ ಸಿಕ್ಕ ದೊಡ್ಡ ಪುಣ್ಯ.

ಆ ರಾತ್ರಿ ಬೈಕ್ ಲೈಟ್ ಹಿಡಿದು ನಿಂತ ಹುಡುಗ್ರಿಗೆ, ಬಾಡಿಗೆ ಆಮೇಲೆ ಕೊಡಿ ಅಂದ ಲಾರಿ ಅಣ್ಣಂಗೆ ಕೈ ಮುಗಿದು ಥ್ಯಾಂಕ್ಸ್.

ಅವತ್ತು ಸಿಟ್ಟಲ್ಲಿ "ನಿನ್ನಿಂದ ಸಂಘ ಮುಳುಗ್ತೈತೆ" ಅಂದಿದ್ದೆ. ಎಲ್ರ ಮುಂದೆ ಅಂದಿದ್ದೆ, ಎಲ್ರ ಮುಂದೇನೇ ಕ್ಷಮೆ ಕೇಳ್ತೀನಿ. ಭಾನುವಾರ ನಮ್ಮನೇಲಿ ಹೋಳಿಗೆ ಊಟ, ಮೊದಲ್ನೇ ಎಲೆ ನಿಂದು ಅಕ್ಕ.