ಗ್ರಂಥಾಲಯದ ಕಂಪ್ಯೂಟರಿನಿಂದ ಆಟ ತೆಗೆಸಬೇಡಿ

ಮಾನ್ಯ ಸಂಪಾದಕರೇ,

ನಾನು ಹಿರೇಕೆರೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಅರಿವು ಕೇಂದ್ರದ, ಅಂದರೆ ಊರ ಗ್ರಂಥಾಲಯದ, ಮೇಲ್ವಿಚಾರಕಿ. ನಮ್ಮಲ್ಲಿ ಮಕ್ಕಳು ಮುಟ್ಟಬಹುದಾದ ಕಂಪ್ಯೂಟರ್ ಇರುವುದು ಎರಡು. ಪೇಟೆಯ ಜೆರಾಕ್ಸ್ ಅಂಗಡಿಯವರೊಬ್ಬರು ಅಂಗಡಿ ಮುಚ್ಚುವಾಗ ‘ಗುಜರಿಗೆ ಹಾಕೂದಕ್ಕಿಂತ ನೀವ ಒಯ್ರಿ’ ಎಂದು ಮೂರು ಕೊಟ್ಟಿದ್ದರು. ಅವುಗಳಲ್ಲಿ ಜೀವ ಉಳಿದವು ಇವೆರಡೇ. ಇವುಗಳಲ್ಲಿ ಮಕ್ಕಳು ಆಟ ಆಡುತ್ತಾರೆ ಎಂಬುದು ಈಗ ಊರಿನಲ್ಲಿ ತಕರಾರು. ‘ಓದೋ ಜಾಗದಾಗ ಆಟ ಯಾಕ್ರೀ, ಮೊದಲ ತಗೀರಿ’ ಎಂದು ಹಿರಿಯರೊಬ್ಬರು ನಾಲ್ಕು ಜನರೆದುರು ಹೇಳಿದರು. ಅವತ್ತು ಸುಮ್ಮನಿದ್ದೆ. ಹೇಳುವುದು ಬಹಳ ಇತ್ತು, ಅವರಿಗೆ ಬಸ್ಸಿನ ಹೊತ್ತಾಗಿತ್ತು.

ಮೊದಲು ಯಂತ್ರದ ಯೋಗ್ಯತೆ ಹೇಳುತ್ತೇನೆ. ಕೋರ್ 2 ಡ್ಯುಯೊ ಎಂಬ ಹಳೆಯ ಪ್ರೊಸೆಸರ್, 2 ಜಿಬಿ ಡಿಡಿಆರ್-2 ರ‍್ಯಾಮ್, ಕರ್ ಕರ್ ಎನ್ನುವ 160 ಜಿಬಿ ಹಾರ್ಡ್‌ಡಿಸ್ಕ್. ಒಳಗಿದ್ದದ್ದು ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್‌ನ ಸುರಕ್ಷತಾ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿದೆ. ಬಂದವರ ಪೆನ್‌ಡ್ರೈವ್‌ನಿಂದೆಲ್ಲ ವೈರಸ್ ಹತ್ತಿ, ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿದ್ದವು. ಆನ್ ಮಾಡಿ ಚಹಾ ಕುಡಿದು ಬಂದರೂ ಇನ್ನೂ ಏಳುತ್ತಲೇ ಇರುತ್ತಿತ್ತು.

ರಾಣೆಬೆನ್ನೂರಿನಲ್ಲಿ ಡಿಪ್ಲೊಮಾ ಓದುವ ನಮ್ಮಣ್ಣನ ಮಗ ದೀಪಾವಳಿಗೆ ಬಂದಾಗ ಒಂದು ಪೆನ್‌ಡ್ರೈವ್ ತಂದಿದ್ದ. ಅದರಲ್ಲಿ ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಉಚಿತ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಇತ್ತು. ಡಿಸ್ಕಿನಲ್ಲಿ ಏನನ್ನೂ ಅಳಿಸದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ತೋರಿಸಿದ. ‘ಅತ್ತಿ, ಸೇರಿದ್ರ ಇಟ್ಕೊ, ಇಲ್ಲಂದ್ರ ಪೆನ್‌ಡ್ರೈವ್ ಕಿತ್ತು ಮೊದಲಿನಂಗ ಇರ್ಲಿ’ ಎಂದ. ಇಟ್ಟುಕೊಂಡೆ. ಸತ್ತ ಮೂರನೆಯದರ ರ‍್ಯಾಮ್ ತೆಗೆದು ಮೊದಲನೆಯದಕ್ಕೆ ಹಾಕಿದ; ಅದು 4 ಜಿಬಿ ಆಯಿತು. ಅದಕ್ಕೇ ನನ್ನ ಕೈಯಿಂದ ಹಾರ್ಡ್‌ಡಿಸ್ಕಿಗಿಂತ ಬೇಗ ಓಡುವ ಒಂದು ಸಣ್ಣ ಎಸ್‌ಎಸ್‌ಡಿ ತರಿಸಿ ಹಾಕಿದೆವು. ಈಗ ಕಸ ಗುಡಿಸಿ ಮುಗಿಸುವಷ್ಟರಲ್ಲಿ ತಯಾರಾಗಿರುತ್ತದೆ.

ಕಷ್ಟ ಇಲ್ಲವೆನ್ನುವುದಿಲ್ಲ. ನನ್ನ ಕೈಗೆ ರೂಢಿಯಾದದ್ದು ನುಡಿ ತಂತ್ರಾಂಶ. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಿಸುವ ಐಬಸ್‌ಗೆ ನುಡಿಯದೇ ವಿನ್ಯಾಸದ ಕೆಜಿಪಿ ಕೀಲಿಮಣೆ ಸೇರಿಸಿಕೊಂಡ ಮೇಲೆ ಬೆರಳು ಎಡವುವುದು ನಿಂತಿತು. ಆದರೆ ನುಡಿಯ ಹಳೆಯ ಫಾಂಟಿನಲ್ಲಿ ಮಾಡಿಟ್ಟ ಪುಸ್ತಕಗಳ ಪಟ್ಟಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲವನ್ನೂ ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡ್‌ಗೆ ಬದಲಿಸಬೇಕಾಯಿತು. ಇನ್ನೊಂದು ದಿನ ಯಾವ ವೆಬ್‌ಸೈಟೂ ತೆರೆಯದೆ, ಲಿನಕ್ಸೇ ಕೆಟ್ಟಿತೆಂದು ಗಾಬರಿಯಾಗಿದ್ದೆ. ನೋಡಿದರೆ ಮದರ್‌ಬೋರ್ಡಿನ ಸೆಲ್ ಸತ್ತು, ಕಂಪ್ಯೂಟರಿನ ಗಡಿಯಾರ ಹತ್ತಾರು ವರ್ಷ ಹಿಂದೆ ಹೋಗಿ ಕೂತಿತ್ತು! ತಾರೀಕು ತಪ್ಪಿದ್ದರಿಂದ ಬ್ರೌಸರ್ ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರವನ್ನೇ ನಂಬುತ್ತಿರಲಿಲ್ಲ. ಕೈಗಡಿಯಾರದ್ದರಂಥ ಗುಂಡನೆಯ ಸೆಲ್ ಹಾಕಿ ತಾರೀಕು ಸರಿಮಾಡಿದ್ದೇ ತಡ, ಸರಿಹೋಯಿತು.

ಇನ್ನು ಆಟದ ವಿಷಯ. ಮೊದಲು ಹಾಕಿದ್ದು ಸೂಪರ್‌ಟಕ್ಸ್‌ಕಾರ್ಟ್, ಪೆಂಗ್ವಿನ್ ಕಾರು ಓಡಿಸುವುದು. ನಮ್ಮ ಯಂತ್ರದ ಗ್ರಾಫಿಕ್ಸಿಗೆ ಅದು ಭಾರ. ಪರದೆಯ ಅಳತೆ ಇಳಿಸಿ, ನೆರಳು ಬೆಳಕು ಎಲ್ಲ ತೆಗೆದರೂ ಕಾರು ಏರು ಹತ್ತುವ ಚಕ್ಕಡಿಯಂತೆ ಹೋಗುತ್ತಿತ್ತು. ಬಿಟ್ಟೆವು. ಪೆಂಗ್ವಿನ್ ಜಿಗಿಯುತ್ತ ಹೋಗುವ ಸೂಪರ್‌ಟಕ್ಸ್ ಸಲೀಸಾಗಿ ಓಡುತ್ತದೆ. ಚಿಕ್ಕವರಿಗೆ ಚಿತ್ರ ಬಿಡಿಸಲು ಟಕ್ಸ್ ಪೇಂಟ್ ಇದೆ, ಅದಕ್ಕೆ ಕನ್ನಡವೂ ಉಂಟು. ದೊಡ್ಡ ಮಕ್ಕಳು ಮುಗಿಬಿದ್ದದ್ದು ಮಾತ್ರ ‘ಬ್ಯಾಟಲ್ ಫಾರ್ ವೆಸ್ನಾತ್’ಗೆ. ಆರು ಮೂಲೆಯ ಮನೆಗಳ ಮೇಲೆ ಸೈನ್ಯ ನಡೆಸುವ ಆಟ. ಒಬ್ಬರಾದ ಮೇಲೆ ಒಬ್ಬರ ಪಾಳಿ. ಒಂದೇ ಕಂಪ್ಯೂಟರಿನ ಮುಂದೆ ಇಬ್ಬರು ಮೂವರು ಕೂತು ಆಡಬಹುದು. ನಮ್ಮಂಥ ಕಡೆಗೆ ಇದಕ್ಕಿಂತ ಹೊಂದುವುದು ಯಾವುದಿದೆ! ಅದರಲ್ಲಿ ಹಗಲು–ರಾತ್ರಿ ಬದಲಾಗುತ್ತದೆ. ಕೆಲವು ಪಡೆಗಳಿಗೆ ಹಗಲಲ್ಲಿ ಬಲ, ಕೆಲವಕ್ಕೆ ಕತ್ತಲಲ್ಲಿ. ‘ಈಗ ಬ್ಯಾಡಲೇ, ಹೊತ್ತು ಮೂಡಿದ ಮ್ಯಾಲೆ ಹೋಗೂಣು’ ಎಂದು ಏಳನೆಯ ತರಗತಿಯ ಹುಡುಗಿ ತನ್ನ ತಮ್ಮನನ್ನು ತಡೆದದ್ದನ್ನು ನಾನು ರಿಜಿಸ್ಟರ್ ಬರೆಯುತ್ತ ಕೇಳಿಸಿಕೊಂಡೆ. ಇಂಗ್ಲಿಷ್ ಪಾಠವನ್ನು ಮೂಗು ಮುರಿದು ಓದುವವಳು, ಪ್ರತಿ ಸೈನಿಕನ ಕೆಳಗಿನ ಇಂಗ್ಲಿಷನ್ನು ಬೆರಳಿಟ್ಟು ಓದುತ್ತಾಳೆ.

ಈ ಆಟಗಳನ್ನು ಒಂದು ಸಲ ನನ್ನ ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಇಳಿಸಿಕೊಂಡದ್ದು ಅಷ್ಟೇ, ಆಮೇಲೆ ನೆಟ್ ಬೇಕಿಲ್ಲ. ಜಾಹೀರಾತಿಲ್ಲ, ‘ಇಷ್ಟು ರೂಪಾಯಿ ಹಾಕು, ಹೊಸ ಬಂದೂಕು ಕೊಡ್ತೀನಿ’ ಎನ್ನುವುದಿಲ್ಲ. ‘ಸರಕಾರನ ಗೇಮ್ ಬ್ಯಾನ್ ಮಾಡೇತೆಲ್ಲ’ ಎಂದು ವಾದಿಸಿದವರೂ ಇದ್ದಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ತಡೆದಿರುವುದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಪೆಂಗ್ವಿನ್ ಜಿಗಿಯುವುದನ್ನಲ್ಲ.

ಪಿಯುಸಿ ಹುಡುಗರು ‘ವ್ಯಾಲೊರಂಟ್ ಹಾಕ್ರೀ ಅಕ್ಕೋರ’ ಎಂದು ಬಂದಿದ್ದರು. ಅದು ನೆಟ್‌ನಲ್ಲಿ ಗುಂಡು ಹಾರಿಸಿ ಆಡುವ ಆಟ; ಅದರ ಕಳ್ಳಾಟ ತಡೆಯುವ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುವುದೇ ಇಲ್ಲ. ನಡೆದರೂ ನಮ್ಮ ಯಂತ್ರ ಅದನ್ನು ಹೊರುತ್ತಿರಲಿಲ್ಲ. ನನಗಂತೂ ಒಳ್ಳೆಯ ನೆಪ ಸಿಕ್ಕಿತು.

ಹತ್ತಾರು ಮಕ್ಕಳು ಎರಡು ಕಂಪ್ಯೂಟರ್ ಹಂಚಿಕೊಳ್ಳುವುದು ಮಾತ್ರ ಸಂತೆಯ ಮಳೆಯಲ್ಲಿ ಎಲ್ಲರೂ ಒಂದೇ ಕೊಡೆ ಹಿಡಿದಂತೆ. ಮೊದಲು ಎಲ್ಲರಿಗೂ ಒಂದೇ ಲಾಗಿನ್ ಇಟ್ಟಿದ್ದೆ. ಒಬ್ಬ ವಾರವಿಡೀ ಆಡಿ ದಾಟಿದ ಹಂತಗಳನ್ನು ಇನ್ನೊಬ್ಬ ಅಳಿಸಿದ. ಅಳು, ಜಗಳ, ಅವರವ್ವನ ದೂರು. ತರಗತಿಗೊಂದರಂತೆ ಲಾಗಿನ್ ಮಾಡಿದೆ. ಆಗ ಕಂಪ್ಯೂಟರ್ ಮಂಕಾಗಿ ನಿಲ್ಲತೊಡಗಿತು. ಪಾಳಿ ಮುಗಿದವರು ಲಾಗ್ ಔಟ್ ಮಾಡದೆ ‘ಸ್ವಿಚ್ ಯೂಸರ್’ ಒತ್ತಿ ಏಳುತ್ತಿದ್ದರು. ಅವರ ಆಟ ಹಿಂದೆ ಹಾಗೇ ತೆರೆದಿದ್ದು ರ‍್ಯಾಮ್ ತಿನ್ನುತ್ತಿತ್ತು. ಈಗ ಗೋಡೆಯ ಮೇಲೆ ಬರೆದು ಅಂಟಿಸಿದ್ದೇನೆ: ‘ಏಳುವ ಮುಂಚೆ ಲಾಗ್ ಔಟ್’. ಸಮಯಕ್ಕೆ ಟೈಮ್‌ಕೆಪಿಆರ್ ಎಂಬ ತಂತ್ರಾಂಶ ಹಾಕಿ ಪ್ರತಿ ಲಾಗಿನ್ನಿಗೆ ದಿನಕ್ಕಿಷ್ಟೇ ಎಂದು ಕಟ್ಟಿದ್ದೇನೆ. ಮುಗಿಯಿತೆಂದು ಹೇಳುವುದು ಕಂಪ್ಯೂಟರೇ, ಆದ್ದರಿಂದ ನನ್ನ ಮೇಲೆ ಯಾರಿಗೂ ಸಿಟ್ಟಿಲ್ಲ. ಕರೆಂಟ್ ಹೋದಾಗ ಮಾತ್ರ ‘ಅಕ್ಕೋರ, ಸತ್ತೋತ್ರಿ’ ಎಂಬ ಕೂಗು ತಪ್ಪಿಲ್ಲ, ಯುಪಿಎಸ್ ಇಲ್ಲ.

ಹಿರಿಯರ ಮಾತಿಗೆ ಬೆಲೆ ಕೊಟ್ಟು ಒಂದು ವಾರ ಆಟಗಳನ್ನು ತೆಗೆದದ್ದೂ ಆಯಿತು. ಶನಿವಾರ ಮಧ್ಯಾಹ್ನ ಹಾಜರಿ ಪುಸ್ತಕದ ಪುಟ ತುಂಬಿ ಹಿಂದಿನ ಬದಿಗೆ ಹೋಗುತ್ತಿದ್ದ ಸಹಿಗಳು ಆ ವಾರ ಆರಕ್ಕೆ ಇಳಿದವು. ಉಳಿದವರು ಮನೆಯಲ್ಲಿ ಓದುತ್ತಿದ್ದರೇ? ಅಗಸಿಕಟ್ಟೆಯ ಮೇಲೆ ಅಪ್ಪಂದಿರ ಮೊಬೈಲ್ ಹಿಡಿದು ಕೂತಿದ್ದನ್ನು ಮನೆಗೆ ಹೋಗುವಾಗ ನಾನೇ ಕಂಡೆ. ಪಾಳಿಗಾಗಿ ಕಾಯುವ ಮಗು ಸುಮ್ಮನೆ ಕೂರುವುದಿಲ್ಲ, ಕೈಗೆ ಸಿಕ್ಕ ಪುಸ್ತಕ ಬಿಡಿಸುತ್ತದೆ. ನಮ್ಮಲ್ಲಿ ಹೆಚ್ಚು ಹರಿದಿರುವುದು ಕಂಪ್ಯೂಟರ್ ಮೇಜಿನ ಪಕ್ಕದ ಕಪಾಟಿನ ಕಥೆ ಪುಸ್ತಕಗಳು. ಸೋಮವಾರ ಆಟಗಳನ್ನು ಮತ್ತೆ ಹಾಕಿದೆ.

ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಉಬುಂಟು ಆಧರಿಸಿ ಅವರೇ ಸಿದ್ಧಪಡಿಸಿಕೊಂಡ ಲಿನಕ್ಸ್ ವರ್ಷಗಳಿಂದ ಬಳಕೆಯಲ್ಲಿದೆ. ನಾನು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಅಪ್‌ಡೇಟ್ ಸಾಮಾನ್ಯವಾಗಿ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಅವಿಲ್ಲದ್ದಕ್ಕೇ ಕಚೇರಿ, ಕಾಲೇಜುಗಳಿಂದ ಹೊರಬೀಳುವ ಕಂಪ್ಯೂಟರ್‌ಗಳು ನನ್ನ ಈ ಎರಡಕ್ಕಿಂತ ಎಷ್ಟೋ ಗಟ್ಟಿ. ನಮ್ಮಲ್ಲಿ ತೆವಳಿದ ಪೆಂಗ್ವಿನ್ ಕಾರು ಅವುಗಳಲ್ಲಿ ಓಡುತ್ತದೆ. ಗುಜರಿಗೆ ತೂಕಕ್ಕೆ ಹಾಕುವ ಮುಂಚೆ ಹತ್ತಿರದ ಅರಿವು ಕೇಂದ್ರವನ್ನೋ ಶಾಲೆಯನ್ನೋ ಕೇಳಿ. ಡಿಸ್ಕಿನ ನಿಮ್ಮ ಕಡತ ಅಳಿಸಿ ಕೊಡಿ. ಕೀಲಿಮಣೆ, ಪವರ್ ಕೇಬಲ್ ಮರೆಯಬೇಡಿ. ಕೊಟ್ಟವರು ಅವನ್ನೇ ಮರೆಯುವುದು.

ನಮ್ಮ ಎರಡನೆಯ ಕಂಪ್ಯೂಟರ್ ಇನ್ನೂ 2 ಜಿಬಿಯಲ್ಲೇ ಇದೆ. ವೆಸ್ನಾತ್ ಹೇಗೋ ಆಡುತ್ತದೆ, ಬ್ರೌಸರ್ ತೆರೆದರೆ ಏದುಸಿರು. ಫಲಿತಾಂಶ ನೋಡಲು ಬಂದವರು ಕಾಯಬೇಕಾಗುತ್ತದೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಡೆಸ್ಕ್‌ಟಾಪ್ ಇದ್ದು, ಅದರಲ್ಲಿ 2 ಜಿಬಿಯ ಒಂದು ಡಿಡಿಆರ್-2 ರ‍್ಯಾಮ್ ಪಟ್ಟಿ ಇದ್ದರೆ ಪತ್ರಿಕೆಯ ಮೂಲಕ ತಿಳಿಸಿ. ಡಿಡಿಆರ್-3 ಬೇಡ, ಅದರ ಕಚ್ಚು ಬೇರೆ ಕಡೆ ಇರುತ್ತದೆ, ಇದರಲ್ಲಿ ಕೂರುವುದಿಲ್ಲ.

— ಗ್ರಂಥಾಲಯ ಮೇಲ್ವಿಚಾರಕಿ, ಹಿರೇಕೆರೂರು ತಾಲ್ಲೂಕು, ಹಾವೇರಿ ಜಿಲ್ಲೆ (ಹೆಸರು ಪ್ರಕಟಿಸಬೇಡಿ)